ಥಳ್‌ಕರ್ ಅವರ ಮಣ್ಣು

ಸಾಯುವವರ ಕೋಣೆಗೆ ಡ್ಯೂಟಿ ಹಾಕಿದರೆ ನಮ್ಮ ಕಾಲದಲ್ಲಿ ಅದು ಶಿಕ್ಷೆ ಎಂದೇ ಲೆಕ್ಕ. ಈಗ ಅದಕ್ಕೆ ಪ್ಯಾಲಿಯೇಟಿವ್ ಕೇರ್ ಎಂಬ ಹೆಸರಿದೆ, ಕೋರ್ಸಿದೆ, ಗೋಡೆಗೆ ತಿಳಿನೀಲಿ ಬಣ್ಣವೂ ಇದೆ. ನನ್ನ ತಂಗಿಯ ಮಗಳು ಆ ಕೋರ್ಸು ಮುಗಿಸಿ ಕೆಲಸಕ್ಕೆ ಸೇರುವವಳಿದ್ದಾಳೆ. ಮೊನ್ನೆ ಫೋನು ಮಾಡಿ, ದೊಡ್ಡಮ್ಮ, ನೀವು ಮಸ್ಕತ್ತಿನಲ್ಲಿ ಇದನ್ನೇ ಅಲ್ವಾ ಮಾಡಿದ್ದು, ಏನಾದರೂ ಹೇಳಿ ಎಂದಳು. ಹೇಳಿದರೆ ಅರ್ಧ ಕೇಳಿ ಅರ್ಧ ಬಿಡುತ್ತಾಳೆ, ಅವಳ ಬುದ್ಧಿ ನನಗೆ ಗೊತ್ತು. ಅದಕ್ಕೇ ಬರೆಯುತ್ತಿದ್ದೇನೆ. ಅವಳಂತೆ ಈ ಕೆಲಸಕ್ಕೆ ಹೊರಟ ಬೇರೆಯವರೂ ಓದಬಹುದು. ಧೈರ್ಯ ತುಂಬುವ ಮಾತು ಬೇಕಾದವರು ಮಾತ್ರ ಬೇರೆ ಕಡೆ ನೋಡಿಕೊಳ್ಳಿ.

ನಾನು ಕಾರ್ಕಳದ ಕಡೆಯವಳು. ನರ್ಸಿಂಗ್ ಕಲಿತದ್ದು ಬೊಂಬಾಯಿಯಲ್ಲಿ. ಎಂಬತ್ತರ ದಶಕದ ಶುರುವಿನಲ್ಲಿ ಮಸ್ಕತ್ತಿಗೆ ಹೋದೆ, ತೊಂಬತ್ತರ ದಶಕ ಮುಗಿಯುವಾಗ ಮಂಡಿನೋವು ಕಟ್ಟಿಕೊಂಡು ವಾಪಸು ಬಂದೆ. ನಡುವೆ ಸಿಕ್ಕಿದ ಬಡ್ತಿಗಳ ಕಥೆ ಯಾರಿಗೂ ಬೇಡ, ನನಗೂ ಬೇಡ.

ನಮ್ಮ ಆಸ್ಪತ್ರೆಯಲ್ಲಿ ಗಂಡಸರ ವಾರ್ಡಿನ ಕೊನೆಗೆ, ಬಟ್ಟೆ ಇಡುವ ಸ್ಟೋರಿನ ಪಕ್ಕ, ಒಂದು ಕೋಣೆ ಇತ್ತು. ಇನ್ನು ಏನೂ ಮಾಡಲಿಕ್ಕಿಲ್ಲ ಎಂದು ತೀರ್ಮಾನವಾದವರನ್ನು ಅಲ್ಲಿಗೆ ಸಾಗಿಸುತ್ತಿದ್ದರು. ರೌಂಡ್ಸಿಗೆ ಬರುವ ಡಾಕ್ಟರುಗಳು ಆ ಬಾಗಿಲ ಮುಂದೆ ಹೆಜ್ಜೆ ಚುರುಕು ಮಾಡುತ್ತಿದ್ದರು. ವಾರ್ಡ್‌ಬಾಯ್‌ಗಳು ಅದನ್ನು ಖಲಾಸ್ ಕೋಣೆ ಎನ್ನುತ್ತಿದ್ದರು, ಮುಗಿದವರ ಕೋಣೆ. ರಜೆಯ ವಿಷಯದಲ್ಲಿ ವಾರ್ಡಿನ ಇನ್‌ಚಾರ್ಜ್ ಸಿಸ್ಟರ್ ಜೊತೆ ನಾನೊಮ್ಮೆ ಜಟಾಪಟಿ ಮಾಡಿಕೊಂಡೆ. ಮರುವಾರ ನನ್ನ ಹೆಸರು ಆ ಕೋಣೆಗೆ ಬಿತ್ತು. ಬಾಯಿ ಜೋರಿದ್ದವರಿಗೆ ಆಗಬೇಕಾದ್ದೇ ಎಂದು ಹಾಸ್ಟೆಲಿನಲ್ಲಿ ಎಲ್ಲರೂ ನಕ್ಕರು.

ಅಲ್ಲಿ ನಾನು ನೋಡಿಕೊಂಡ ಮೊದಲ ರೋಗಿ ಹಸನಬ್ಬ. ಬಂಟ್ವಾಳದ ಕಡೆಯ ಬ್ಯಾರಿ, ಮಸ್ಕತ್ತಿನ ಮತ್ರಾ ಪೇಟೆಯಲ್ಲಿ ಬಟ್ಟೆ ವ್ಯಾಪಾರ. ಹೊಟ್ಟೆಯಲ್ಲಿ ಗಡ್ಡೆ. ಡಾಕ್ಟರು ಅವರಿಗೆ ಗ್ಯಾಸ್ಟ್ರಿಕ್ ಎಂದು ಹೇಳಿಟ್ಟಿದ್ದರು. ಆಗಿನ ಕ್ರಮ ಹೇಗೆಂದರೆ, ರೋಗಿ ನೋವು ಎಂದು ಕೂಗಿದರೆ ಮಾತ್ರ ಇಂಜೆಕ್ಷನ್. ಅದೂ ಕೂಗಿದ ಕೂಡಲೇ ಅಲ್ಲ. ಡಾಕ್ಟರನ್ನು ಹುಡುಕಬೇಕು, ಬೀಗದ ಕೈ ತರಿಸಬೇಕು, ಎರಡು ಸಹಿ ಬೇಕು. ಚಟ ಹಿಡಿದೀತು ಎಂಬ ಹೆದರಿಕೆ ಬೇರೆ. ತಿಂಗಳು ಕಳೆಯುವುದರೊಳಗೆ ಸಾಯುವ ಮನುಷ್ಯನಿಗೆ ಎಂಥ ಚಟ, ನನಗೆ ಇವತ್ತಿಗೂ ಅರ್ಥವಾಗಿಲ್ಲ. ಹಸನಬ್ಬ ಕೂಗುವ ಜಾತಿಯವರಲ್ಲ. ಟವೆಲು ಕಚ್ಚಿಕೊಂಡು ಗೋಡೆ ನೋಡುತ್ತಿದ್ದರು. ಈ ಗ್ಯಾಸ್ಟ್ರಿಕ್ ಯಾವಾಗ ಇಳಿಯುತ್ತದೆ ಸಿಸ್ಟರ್ ಎಂದು ನನ್ನನ್ನು ಕೇಳುತ್ತಿದ್ದರು. ಸಾಯುವ ದಿನವೂ ಅದನ್ನೇ ಕೇಳಿದರು.

ಆಮೇಲೆ ಮಾರ್ಗರೆಟ್ ಎಂಬ ಮೇಟ್ರನ್ ಬಂದರು. ಸ್ಕಾಟ್ಲೆಂಡಿನವರು, ಸಪೂರ ಜೀವ, ನಗು ಎಂಬುದು ಅವರ ಮುಖಕ್ಕೆ ಬಿಟ್ಟುಹೋದ ವಿಷಯ. ತಮ್ಮ ಊರಿನಲ್ಲಿ ಸಾಯುವವರಿಗಾಗಿಯೇ ಇರುವ ಮನೆಯಲ್ಲಿ ಕೆಲಸ ಮಾಡಿದವರು. ಬಂದವರೇ ಮಾಡಿದ ಮೊದಲ ಬದಲಾವಣೆ, ನೋವು ಬಂದ ಮೇಲೆ ಓಡುವುದನ್ನು ನಿಲ್ಲಿಸಿದ್ದು. ಹೊತ್ತಿಗೆ ಸರಿಯಾಗಿ, ನೋವು ತಲೆ ಎತ್ತುವ ಮೊದಲೇ ಔಷಧಿ ಕೊಡಬೇಕು ಎಂದರು. ಡಾಕ್ಟರುಗಳು ಗೊಣಗಿದರು. ಮಾರ್ಗರೆಟ್ ಜಗಳವಾಡಲಿಲ್ಲ, ದಿನಾ ಹೋಗಿ ಅವರ ಬಾಗಿಲಲ್ಲಿ ನಿಂತರು. ಕೊನೆಗೆ ನಿಂತವರನ್ನು ನೋಡಿ ಬೇಸತ್ತು ಡಾಕ್ಟರುಗಳೇ ಒಪ್ಪಿದರು.

ಎರಡನೆಯದು, ಮಾತಿನ ವಿಷಯ. ಕೇಳಿದವರಿಗೆ ಸುಳ್ಳು ಹೇಳಬೇಡ, ಕೇಳದವರಿಗೆ ನಿಜವನ್ನು ತುರುಕಬೇಡ ಎಂದು ಹೇಳಿಕೊಟ್ಟರು. ನಾನು ಹಸನಬ್ಬರ ಗ್ಯಾಸ್ಟ್ರಿಕ್ ಕಥೆ ಹೇಳಿದ ದಿನ ಕಲಿಸಿದ ಪಾಠ ಅದು. ಮುಂದೆ ಮಾರ್ಫಿನ್ ಸಿರಪ್ಪು ಬಂತು, ಚರ್ಮಕ್ಕೆ ಹಚ್ಚುವ ಪಟ್ಟಿ ಬಂತು, ಎಲ್ಲ ಬಂತು. ಆದರೆ ಈ ಎರಡು ಪಾಠಗಳಿಗಿಂತ ಹೆಚ್ಚಿನದನ್ನು ನಾನು ಕಲಿಯಲಿಲ್ಲ. ಎರಡನೆಯದು ಎಷ್ಟು ಕಷ್ಟದ್ದು ಎಂದು ತಿಳಿದದ್ದು ಥಳ್‌ಕರ್ ಬಂದ ಮೇಲೆ.

ಥಳ್‌ಕರ್ ಮಹಾರಾಷ್ಟ್ರದವರು, ಅಲಿಬಾಗ್ ಕಡೆಯ ಮೂಲ, ಬೆಳೆದದ್ದು ಬೊಂಬಾಯಿಯಲ್ಲಿ. ಖುರುಮ್‌ನಲ್ಲಿ ಆಫೀಸಿದ್ದ ಒಂದು ಕಟ್ಟಡದ ಕಂಪನಿಯಲ್ಲಿ ಡ್ರಾಫ್ಟ್ಸ್‌ಮನ್. ಹಮ್ರಿಯಾದ ಬಾಡಿಗೆ ಫ್ಲ್ಯಾಟಿನಲ್ಲಿ ಗಂಡ ಹೆಂಡತಿ ಇಬ್ಬರೇ. ಹೆಂಡತಿ ಲೀಲಾ. ಬೊಂಬಾಯಿಯ ಅಭ್ಯಾಸದಿಂದ ನಾನು ಅವರನ್ನು ವೈನಿ ಎನ್ನುತ್ತಿದ್ದೆ, ಮರಾಠಿಯಲ್ಲಿ ಅತ್ತಿಗೆ. ಕಣ್ಣು ಮೈ ಎಲ್ಲ ಅರಸಿನದ ಹಾಗೆ ಹಳದಿಯಾಗಿ ಬಂದರು ಥಳ್‌ಕರ್. ಕಾಯಿಲೆ ಮೇದೋಜೀರಕ ಗ್ರಂಥಿಯದ್ದು, ಗೊತ್ತಾಗುವಾಗಲೇ ಹೊತ್ತು ಮೀರಿತ್ತು. ಊರಿಗೆ ಕಳುಹಿಸುತ್ತೇವೆ ಎಂದು ಕಂಪನಿ ಹೇಳಿತಂತೆ. ವಿಮಾನದಲ್ಲಿ ಕುಳಿತು ಹೋಗುವ ಸ್ಥಿತಿಯಲ್ಲಿ ಅವರಿರಲಿಲ್ಲ. ಊರಿನಲ್ಲಿ ನಮ್ಮವರು ಯಾರೂ ಉಳಿದಿಲ್ಲ, ಎಲ್ಲ ಹೊರಗೆ ಹೋದರು ಎಂದು ಲೀಲಾ ವೈನಿ ಹೇಳಿದರು. ಒಬ್ಬಳೇ ಮಗಳು, ಮದುವೆಯಾಗಿ ಹೊರದೇಶದಲ್ಲಿದ್ದಾಳೆ. ಯಾವ ದೇಶ ಎಂದು ಕೇಳಿದರೆ ಮಾತು ಬದಲಿಸುತ್ತಿದ್ದರು.

ಅವರ ಬಳಗ ಎಂದರೆ ಕರುಣಾಕರ ಶೆಟ್ಟರು. ಪಡುಬಿದ್ರೆ ಕಡೆಯವರು, ಅದೇ ಕಂಪನಿಯಲ್ಲಿ ಆಡಳಿತ ನೋಡಿಕೊಳ್ಳುವ ಅಧಿಕಾರಿ. ವೀಸಾ, ಪೊಲೀಸು, ಎಂಬೆಸಿ, ಎಲ್ಲ ಅವರ ಕೈಯಲ್ಲೇ ಹಾದುಹೋಗಬೇಕು. ನಮ್ಮ ಕರಾವಳಿಯವರಲ್ಲಿ ಯಾರಿಗೆ ಏನಾದರೂ ಶೆಟ್ಟರು ಹಾಜರ್. ಮಸ್ಕತ್ತಿನಲ್ಲಿ ನಮ್ಮವರು ಸತ್ತರೆ, ಹಿಂದೂಗಳ ಸುಡುಗಾಡಿದ್ದ ಸೋಹಾರ್‌ವರೆಗೆ ಕೊಂಡೊಯ್ದು ದಹನ ಮಾಡಿಸಿ, ಬೂದಿಯನ್ನು ಊರಿಗೆ ಮುಟ್ಟಿಸುವ ತನಕ ಅವರು ಕೈಬಿಡುತ್ತಿರಲಿಲ್ಲ. ಒಳ್ಳೆಯ ಮನುಷ್ಯ, ಸ್ವಲ್ಪ ಗದ್ದಲದ ಮನುಷ್ಯ. ಅವರು ವಾರ್ಡಿಗೆ ಕಾಲಿಟ್ಟರೆ ಬಟ್ಟೆಯ ಸ್ಟೋರಿನಲ್ಲಿದ್ದವರಿಗೂ ಗೊತ್ತಾಗುತ್ತಿತ್ತು. ಥಳ್‌ಕರ್ ಎಂದರೆ ಅವರಿಗೆ ಒಡಹುಟ್ಟಿದ ಹಾಗೆ. ಚೌತಿಯ ಗಣಪತಿಗೆ ಪ್ರತಿವರ್ಷ ಮಂಟಪದ ನಕ್ಷೆ ಬಿಡಿಸಿಕೊಡುತ್ತಿದ್ದದ್ದು ಥಳ್‌ಕರ್. ಅಂಥ ಮಂಟಪ ಬೊಂಬಾಯಿಯಲ್ಲೂ ಇಲ್ಲ ಸಿಸ್ಟರ್ ಎಂದು ಶೆಟ್ಟರು ನನ್ನ ಮುಂದೆ ಹೊಗಳಿದಾಗ ಥಳ್‌ಕರ್ ಕಣ್ಣು ಮುಚ್ಚಿಕೊಂಡರು. ಆಯಾಸ ಎಂದುಕೊಂಡೆ.

ಶೆಟ್ಟರ ಹೆಂಡತಿ ಸುಮತಿಯಕ್ಕ ಒಂದು ಮಧ್ಯಾಹ್ನ ಡಬ್ಬಿ ತಂದರು. ಸಿಗಡಿ ಸುಕ್ಕ. ಪರಿಮಳಕ್ಕೆ ಪಕ್ಕದ ವಾರ್ಡಿನ ರೋಗಿಗಳೂ ಎದ್ದು ಕುಳಿತರು. ಲೀಲಾ ವೈನಿ ನಗುತ್ತಾ ಡಬ್ಬಿ ತೆಗೆದುಕೊಂಡರು. ಸುಮತಿಯಕ್ಕ ಹೋದ ಮೇಲೆ ಮುಚ್ಚಳ ತೆರೆಯದೆ ನನ್ನ ಕಡೆ ಸರಿಸಿ, ನೀವು ತಿನ್ನಿ ಸಿಸ್ಟರ್ ಎಂದರು. ಹೊರಗೆ ಸಿಕ್ಕಿದ ಸುಮತಿಯಕ್ಕ ನನ್ನಲ್ಲಿ ಬೇಸರ ತೋಡಿಕೊಂಡರು. ಲೀಲಕ್ಕ ನಮ್ಮಲ್ಲಿಗೆ ಬಂದರೆ ಮೀನಿನ ಪಾತ್ರೆಗೆ ಕೈಯೇ ಹಾಕುವುದಿಲ್ಲ, ಅನ್ನ ಸಾರು ತಿಂದು ಏಳುತ್ತಾರೆ, ನನ್ನ ಅಡುಗೆ ಅವರಿಗೆ ಸೇರುವುದಿಲ್ಲವೋ ಏನೋ ಎಂದು.

ಡಬ್ಬಿ ಖಾಲಿ ಮಾಡುತ್ತಿದ್ದ ಹಾಗೆ ನನಗೆ ಹಾಸ್ಟೆಲಿನ ರಾಹೇಲ್ ನೆನಪಾದಳು. ಬೊಂಬಾಯಿಯಲ್ಲಿ ನಾನು ಕಲಿಯುವಾಗ ನನ್ನ ಕೋಣೆಯಲ್ಲಿದ್ದವಳು. ಮನೆಮಾತು ಮರಾಠಿ, ಕೈತುಂಬ ಹಸಿರು ಬಳೆ, ಮನೆಯಲ್ಲಿ ತಾಯಿಗೆ ಕರಿಮಣಿ. ಆದರೆ ಅವಳು ಯಹೂದಿ. ಕೊಂಕಣದ ತೀರದಲ್ಲಿ ಎಷ್ಟೋ ಕಾಲದಿಂದ ಎಣ್ಣೆ ಗಾಣ ನಡೆಸಿಕೊಂಡು ಬಂದ ಬೆನೆ ಇಸ್ರೇಲ್ ಎಂಬ ಜನ. ಶನಿವಾರ ಅವರಿಗೆ ಕೆಲಸ ಮಾಡಬಾರದ ದಿನ, ಅಂದು ಗಾಣ ಕಟ್ಟುತ್ತಿರಲಿಲ್ಲವಾದ್ದರಿಂದ ಊರವರು ಅವರನ್ನು ಶನಿವಾರದ ಗಾಣಿಗರು ಎನ್ನುತ್ತಿದ್ದರಂತೆ. ರಾಹೇಲ್ ಸಿಗಡಿ, ಏಡಿ ಮುಟ್ಟುತ್ತಿರಲಿಲ್ಲ. ಮೀನಾದರೆ ರೆಕ್ಕೆ ಇರಬೇಕು, ಮೈಮೇಲೆ ಚಿಪ್ಪಿನಂಥ ಹುರುಪೆ ಇರಬೇಕು ಎನ್ನುತ್ತಿದ್ದಳು. ಹುರುಪೆ ಕೆರೆದು ಬೇಯಿಸಿದ್ದಾದರೆ ಯಾವ ಮೀನೋ ಎಂದು ಅದನ್ನೂ ಬಿಡುತ್ತಿದ್ದಳು. ಅವರಲ್ಲೂ ಊರಿನ ಹೆಸರಿಗೆ ಕರ್ ಸೇರಿಸಿ ಮನೆತನದ ಹೆಸರು ಮಾಡಿಕೊಳ್ಳುತ್ತಾರೆ.

ಆ ಶುಕ್ರವಾರ ಸಂಜೆ ಹೊತ್ತು ಮುಳುಗುವ ಮೊದಲು ನಾನು ಕೋಣೆಗೆ ಹೋದಾಗ ಲೀಲಾ ವೈನಿ ಔಷಧಿಯ ಮೇಜಿನ ಹಿಂದೆ, ಹೊರಗಿನವರಿಗೆ ಕಾಣದ ಹಾಗೆ, ಗಾಜಿನ ಲೋಟದಲ್ಲಿ ಎಣ್ಣೆ ಹಾಕಿ ಬತ್ತಿ ಹಚ್ಚಿದ್ದರು. ಎರಡೂ ಕೈಯಿಂದ ಕಣ್ಣು ಮುಚ್ಚಿಕೊಂಡು ನಿಂತಿದ್ದರು. ಆಸ್ಪತ್ರೆಯಲ್ಲಿ ಬೆಂಕಿ ಹಚ್ಚುವಂತಿಲ್ಲ. ನಾನು ಬಾಗಿಲು ಹಾಕಿ, ರಾಹೇಲ್ ಕೂಡ ಹೀಗೇ ಹಚ್ಚುತ್ತಿದ್ದಳು ಎಂದು ಮರಾಠಿಯಲ್ಲಿ ಹೇಳಿದೆ. ವೈನಿ ನನ್ನ ಎರಡೂ ಕೈ ಹಿಡಿದುಕೊಂಡು, ಯಾರಿಗೂ ಹೇಳಬೇಡಿ ಎಂದರು.

ಅವರ ಮಗಳಿದ್ದದ್ದು ಇಸ್ರೇಲಿನಲ್ಲಿ. ಬಳಗವೆಲ್ಲ ಹೋಗಿದ್ದೂ ಅಲ್ಲಿಗೇ. ಆಗ ಮಸ್ಕತ್ತಿನಿಂದ ಆ ದೇಶಕ್ಕೆ ನೇರ ಕಾಗದವಿಲ್ಲ, ಫೋನಿಲ್ಲ. ಬೊಂಬಾಯಿ ಪಕ್ಕದ ಠಾಣೆ ಊರಿನಲ್ಲಿದ್ದ ಒಬ್ಬರು ಪರಿಚಯದವರ ಮೂಲಕ ಮಗಳ ಪತ್ರ ಸುತ್ತಿ ಬರುತ್ತಿತ್ತು. ತಂದೆಗೆ ಕಾಯಿಲೆ ಎಂದು ಅವಳಿಗೆ ತಿಳಿಯುವ ಹೊತ್ತಿಗೆ ಅವರು ಖಲಾಸ್ ಕೋಣೆಗೆ ಬಂದಾಗಿತ್ತು. ಕೆಲಸಕ್ಕೆ ಬರುವಾಗ ಬೊಂಬಾಯಿಯ ಏಜೆಂಟನು ಹೆಸರು ನೋಡಿ ಹಿಂದೂ ಎಂದೇ ಬರೆಸಿದ್ದನಂತೆ, ಇವರು ಅಲ್ಲ ಎನ್ನಲಿಲ್ಲ. ಹೇಳಿದ್ದರೆ ಏನಾಗುತ್ತಿತ್ತು ಎಂದು ನನಗೆ ಗೊತ್ತಿಲ್ಲ. ಬಹುಶಃ ಏನೂ ಆಗುತ್ತಿರಲಿಲ್ಲ, ನಾನು ಕಂಡ ಓಮಾನಿಗಳು ಸೌಮ್ಯ ಜನ. ಆದರೆ ಹೆದರಿಕೊಂಡು ಬದುಕಿದವರಿಗೆ ಬಹುಶಃ ಎಂಬ ಮಾತು ಸಾಲುವುದಿಲ್ಲ. ಅಲ್ಲಿ ಶನಿವಾರ ಕೆಲಸದ ವಾರದ ಮೊದಲ ದಿನ. ಥಳ್‌ಕರ್ ಒಂದು ಶನಿವಾರವೂ ಬಿಡದೆ ಆಫೀಸಿಗೆ ಹೋಗಿ ಗೆರೆ ಎಳೆದಿದ್ದರು. ಅದೊಂದು ಅವರನ್ನು ಒಳಗೊಳಗೇ ತಿನ್ನುತ್ತಿತ್ತು.

ಕಾಯಿಲೆ ಏರುತ್ತಾ ಹೋಯಿತು. ಮಾರ್ಗರೆಟ್ ಅವರ ಕ್ರಮದಲ್ಲಿ ಔಷಧಿ ಕೊಟ್ಟದ್ದರಿಂದ ಥಳ್‌ಕರ್ ಟವೆಲು ಕಚ್ಚಬೇಕಾಗಿ ಬರಲಿಲ್ಲ, ಅಷ್ಟು ಹೇಳಬಲ್ಲೆ. ಮಾತಾಡುತ್ತಿದ್ದರು, ಹೆಂಡತಿಯ ಕೈ ಹಿಡಿದು ನಿದ್ದೆ ಮಾಡುತ್ತಿದ್ದರು. ಅಷ್ಟರಲ್ಲಿ ಒಂದು ದಿನ ಶೆಟ್ಟರು ತಾಮ್ರದ ಗಿಂಡಿಯಲ್ಲಿ ಗಂಗಾಜಲ ತಂದರು. ಕಾಶಿಗೆ ಹೋದ ಯಾರಿಂದಲೋ ತರಿಸಿ ಮನೆಯಲ್ಲಿ ಇಟ್ಟಿದ್ದಂತೆ, ತನ್ನ ತಾಯಿಯ ಕೊನೆಗಾಲದಲ್ಲೂ ಬಾಯಿಗೆ ಬಿಟ್ಟಿರದ ನೀರು. ಚಮಚದಲ್ಲಿ ಥಳ್‌ಕರ್ ಬಾಯಿಗೆ ಹಾಕಿದರು. ಥಳ್‌ಕರ್ ಬಾಯಿ ತೆರೆದು ಕುಡಿದರು, ಕೈಮುಗಿದರು. ಲೀಲಾ ವೈನಿ ಕಿಟಕಿಯ ಕಡೆ ತಿರುಗಿ ನಿಂತರು. ಹೊರಗೆ ಬಂದು ಶೆಟ್ಟರು ಕಣ್ಣೊರೆಸಿಕೊಂಡು ನನ್ನಲ್ಲಿ ತುಳುವಿನಲ್ಲಿ ಹೇಳಿದರು, ಸೋಹಾರ್‌ಗೆ ಎಲ್ಲ ಮಾತಾಡಿ ಇಟ್ಟಿದ್ದೇನೆ, ಎರಡು ವ್ಯಾನ್ ಉಂಟು, ಥಳ್‌ಕರ್ ಭಾಯಿಗೆ ಯಾವುದರಲ್ಲೂ ಕಡಿಮೆ ಆಗಲಿಕ್ಕಿಲ್ಲ ಎಂದು.

ನಾನು ಒಳಗೆ ಹೋದೆ. ಥಳ್‌ಕರ್ ಎಲ್ಲ ಕೇಳಿಸಿಕೊಂಡಿದ್ದರು. ಶೆಟ್ಟರ ಗುಟ್ಟಿನ ಮಾತೂ ಎರಡು ಕೋಣೆ ದಾಟಿ ಹೋಗುವಂಥದ್ದು.

"ನೀರು ಕುಡಿದೆ, ಪರವಾಗಿಲ್ಲ. ನೀರು ನೀರೇ," ಎಂದರು. "ಆದರೆ ನನ್ನನ್ನು ಸುಡಬಾರದು ಸಿಸ್ಟರ್."

ಅವರಲ್ಲಿ ದೇಹವೆಂಬುದು ಅದನ್ನು ಕೊಟ್ಟ ದೇವರದ್ದು, ಇಡಿಯಾಗಿ ಮಣ್ಣಿಗೆ ಹಿಂತಿರುಗಿಸಬೇಕು. ಸುಟ್ಟರೆ ಮುಂದೊಂದು ದಿನ ದೇವರು ಸತ್ತವರನ್ನು ಎಬ್ಬಿಸುವಾಗ ಎದ್ದು ನಿಲ್ಲಲಿಕ್ಕೆ ಏನೂ ಉಳಿಯುವುದಿಲ್ಲ ಎಂದು ನಂಬಿಕೆ. ಅಪ್ಪ, ಅಜ್ಜ ಎಲ್ಲ ಮಣ್ಣಿನಲ್ಲಿದ್ದಾರೆ, ನಾನೊಬ್ಬ ಹೊಗೆಯಾಗಿ ಹೋಗಬೇಕಾ ಎಂದು ಕೇಳಿದರು. ಇನ್ನೂ ಒಂದು ಕೇಳಿಕೊಂಡರು. ಕೊನೆಯ ಗಳಿಗೆ ಬಂದಾಗ ನನ್ನನ್ನು ಹೊರಳಿಸಬೇಡಿ, ದಿಂಬು ಸರಿಸಬೇಡಿ, ಮೈ ಮುಟ್ಟಬೇಡಿ. ಆರುತ್ತಿರುವ ದೀಪವನ್ನು ಮುಟ್ಟಿದರೆ ನಾವೇ ಆರಿಸಿದ ಹಾಗೆ ಎಂದು ಅವರ ಅಜ್ಜಿ ಹೇಳುತ್ತಿದ್ದರಂತೆ. ನಮಗೆ ಕಲಿಸಿದ್ದು ತದ್ವಿರುದ್ಧ. ಹುಣ್ಣಾಗದ ಹಾಗೆ ಹೊರಳಿಸುತ್ತಲೇ ಇರಬೇಕು, ಬಾಯಿ ಒರೆಸಬೇಕು, ಹಾಸಿಗೆ ಎಳೆದು ಸರಿಮಾಡಬೇಕು. ನಾನು ಮಾರ್ಗರೆಟ್ ಅವರನ್ನು ಕೇಳಿದೆ. ಕೊನೆಯ ಹೊತ್ತಿನಲ್ಲಿ ಹೊರಳಿಸುವುದು ಯಾರಿಗಾಗಿ, ರೋಗಿಗೋ ನಮ್ಮ ಸಮಾಧಾನಕ್ಕೋ ಎಂದರು. ಕೈಕಟ್ಟಿ ಕೂರುವುದೂ ನರ್ಸಿಂಗೇ, ಅದಕ್ಕೆ ಹೆಚ್ಚು ಅಭ್ಯಾಸ ಬೇಕು ಎಂದರು.

ಮಣ್ಣು ಮಾಡುವ ವಿಷಯ ಅಷ್ಟು ಸುಲಭದ್ದಲ್ಲ. ಮಸ್ಕತ್ತಿನಲ್ಲಿ ಕ್ರೈಸ್ತರ ಸ್ಮಶಾನವಿತ್ತು. ಮಾರ್ಗರೆಟ್ ಅಲ್ಲಿನ ಪಾದ್ರಿಯವರಲ್ಲಿ ವಿಚಾರಿಸಿದರು. ಶಿಲುಬೆ ಇಲ್ಲದೆ ಒಂದು ಮೂಲೆ ಕೊಡುತ್ತೇನೆ, ಆದರೆ ಕಂಪನಿಯವರು ಬಂದು ಒಪ್ಪಿಗೆ ಕೊಡಬೇಕು ಎಂದರು ಅವರು. ಕಂಪನಿ ಎಂದರೆ ಶೆಟ್ಟರು. ಕ್ರಿಶ್ಚಿಯನ್ ಎಂದು ಹೇಳಿಬಿಡೋಣ, ಶೆಟ್ಟರು ಅಷ್ಟಕ್ಕೆ ಸುಮ್ಮನಾಗುತ್ತಾರೆ ಎಂದು ಲೀಲಾ ವೈನಿ ಅತ್ತರು. ಥಳ್‌ಕರ್ ಕೇಳಲಿಲ್ಲ. ಒಂದು ಸುಳ್ಳಿನಡಿ ಬದುಕಿದ್ದು ಸಾಕು, ಇನ್ನೊಂದರಡಿ ನನ್ನನ್ನು ಹೂಳಬೇಡ ಎಂದರು. ಶೆಟ್ಟರನ್ನು ಬರಹೇಳಿ ಎಂದು ನನಗೆ ಹೇಳಿದರು.

ಶೆಟ್ಟರು ಬಂದರು. ನಾನು ಹೊರಡಲು ನೋಡಿದೆ, ಥಳ್‌ಕರ್ ಇರಿ ಎಂದು ಸನ್ನೆ ಮಾಡಿದರು. ಉಸಿರು ಬಿಟ್ಟು ಬಿಟ್ಟು ಹಿಂದಿಯಲ್ಲಿ ಎಲ್ಲ ಹೇಳಿದರು. ತಾನು ಯಾರು, ಮಗಳು ಎಲ್ಲಿದ್ದಾಳೆ, ಸುಮತಿಯಕ್ಕನ ಸಿಗಡಿಯನ್ನು ಯಾಕೆ ತಿನ್ನಲಿಲ್ಲ, ರುಚಿಗಾಗಿ ಅಲ್ಲ ಹುರುಪೆ ಇಲ್ಲದ್ದಕ್ಕೆ ಎಂಬುದನ್ನೂ ಬಿಡದೆ ಹೇಳಿದರು. ಕೊನೆಗೆ, ನನ್ನನ್ನು ಸೋಹಾರ್‌ಗೆ ಕೊಂಡೊಯ್ಯಬೇಡಿ ಎಂದರು. ಶೆಟ್ಟರ ಮುಖ ಕಪ್ಪಿಟ್ಟಿತು. ಜೀವಮಾನದಲ್ಲಿ ಮೊದಲ ಬಾರಿಗೆ ಅವರು ಮೆಲ್ಲನೆ ಮಾತಾಡಿದ್ದನ್ನು ಕೇಳಿದೆ.

"ಇಷ್ಟು ವರ್ಷ ನಮ್ಮ ಮನೆಯ ಚೌತಿಗೆ ಬಂದ್ರಿ. ಒಂದು ಮಾತು ಹೇಳ್ಲಿಕ್ಕೆ ಆಗದಷ್ಟು ನಾನು ಬೇರೆಯವನಾ?"

"ಹೇಳಿದರೆ ಬೇರೆಯವರಾಗಿಬಿಡ್ತೀರಿ ಅಂತ ಹೆದರಿದೆ," ಎಂದರು ಥಳ್‌ಕರ್.

ಶೆಟ್ಟರು ಮೇಜಿನ ಮೇಲಿದ್ದ ತಾಮ್ರದ ಗಿಂಡಿಯನ್ನು ಎತ್ತಿಕೊಂಡು ಹೊರಟುಹೋದರು. ಆಗುತ್ತದೆ ಎನ್ನಲಿಲ್ಲ, ಆಗುವುದಿಲ್ಲ ಎನ್ನಲೂ ಇಲ್ಲ.

ಮತ್ತೆ ಅವರು ಆ ಕೋಣೆಗೆ ಬರಲಿಲ್ಲ. ಅವರ ಹಿಂದೆ ಬರುತ್ತಿದ್ದ ಆಫೀಸಿನವರೂ, ಚೌತಿಯ ಬಳಗದವರೂ ಒಬ್ಬೊಬ್ಬರಾಗಿ ಬರುವುದನ್ನು ನಿಲ್ಲಿಸಿದರು. ಶೆಟ್ಟರು ಅವರಿಗೆ ಏನಾದರೂ ಹೇಳಿದರೋ, ನಾಯಕನಿಲ್ಲದ ಕುರಿಗಳಾಗಿ ತಾವೇ ನಿಂತರೋ ತಿಳಿಯದು. ಲೀಲಾ ವೈನಿಗೆ ಪ್ರತಿಯೊಂದು ಬೂಟಿನ ಸದ್ದಿಗೂ ಹೆದರಿಕೆ, ವೀಸಾಕ್ಕೆ ಜವಾಬ್ದಾರನಾದ ಓಮಾನಿ ಕಫೀಲ್‌ಗೆ ತಿಳಿಯಿತೋ, ಪೊಲೀಸರು ಬಂದರೋ ಎಂದು. ಥಳ್‌ಕರ್‌ಗೆ ಬೇರೆಯೇ ಚಿಂತೆ. ಬಾಗಿಲು ಅಲುಗಿದರೆ ಕಣ್ಣು ತೆರೆದು, ಶೆಟ್ಟರು ಬಂದರಾ ಎಂದು ಕೇಳುತ್ತಿದ್ದರು. ಮಾತು ತೊದಲಲು ಶುರುವಾದ ಮೇಲೂ ಅದೊಂದೇ ಪ್ರಶ್ನೆ. ಇಲ್ಲ ಎನ್ನುತ್ತಿದ್ದೆ. ಬರುತ್ತಾರೆ ಎಂಬ ಮಾತು ನಾಲಿಗೆ ತುದಿಗೆ ಬರುತ್ತಿತ್ತು, ಆದರೆ ಕೇಳಿದವರಿಗೆ ಸುಳ್ಳು ಹೇಳಬಾರದಲ್ಲ. ಆ ದಿನಗಳಲ್ಲಿ ನೋವು ಹೆಚ್ಚಾಯಿತು. ಔಷಧಿ ಹೆಚ್ಚಿಸಿದೆವು, ಅದು ಮುಟ್ಟುವ ಜಾಗಕ್ಕೆ ಮುಟ್ಟಿತು. ಇದು ಸೂಜಿಗೆ ಸಿಗುವ ನೋವಲ್ಲ ಎಂದು ಮಾರ್ಗರೆಟ್ ಹೇಳಿದರು. ನಿಮ್ಮ ಪುಸ್ತಕದಲ್ಲಿ ಇದಕ್ಕೂ ಒಂದು ಹೆಸರಿರಬಹುದು. ಹೆಸರು ಗೊತ್ತಿದ್ದರೂ ಮಾಡಲಿಕ್ಕೆ ಏನೂ ಇರುವುದಿಲ್ಲ, ಅಷ್ಟು ತಿಳಿದಿರಿ.

ನಾನು ಶೆಟ್ಟರಿಗೆ ಎರಡು ಸಲ ಫೋನು ಮಾಡಿದೆ. ಮೀಟಿಂಗಿನಲ್ಲಿದ್ದಾರೆ ಎಂಬ ಉತ್ತರ ಬಂತು. ಮಂಟಪ ಕಟ್ಟುವಾಗ ಬೇಕಾಗಿದ್ದ ಮನುಷ್ಯ ಮಣ್ಣಿಗೆ ಹೋಗುವಾಗ ಬೇಡವಾದನೇ ಎಂದು ನನಗೆ ಮೈಯೆಲ್ಲ ಉರಿಯಿತು.

ಒಂದು ಬೆಳಿಗ್ಗೆ ಉಸಿರಿನ ಲಯ ಬದಲಾಯಿತು. ದೀರ್ಘವಾಗಿ ಎಳೆಯುವುದು, ನಿಲ್ಲುವುದು, ಮತ್ತೆ ಎಳೆಯುವುದು. ಈ ಕೆಲಸದಲ್ಲಿದ್ದವರಿಗೆ ಅದು ಗೊತ್ತು. ಹೊಸದಾಗಿ ಬಂದಿದ್ದ ಒಬ್ಬ ಚಿಕ್ಕ ಡಾಕ್ಟರು ಆ ದಿನ ಎಂದೂ ಇಲ್ಲದ್ದು ಒಳಗೆ ಬಂದು, ಡ್ರಿಪ್ಪು ಬದಲಿಸಿ, ಮಗ್ಗುಲು ತಿರುಗಿಸಿ, ಕಫ ಎಳೆಯಿರಿ ಎಂದರು. ನಾನು ಮಂಚಕ್ಕೆ ಅಡ್ಡ ನಿಂತೆ.

"ಖಲಾಸ್ ಅಂತ ಇಲ್ಲಿಗೆ ಕಳುಹಿಸಿದವರು ನಿಮ್ಮವರೇ ಡಾಕ್ಟ್ರೇ. ಇನ್ನು ಮುಟ್ಟುವುದು ಬೇಡ," ಎಂದೆ.

ಅವರು ಮೇಟ್ರನ್‌ಗೆ ದೂರು ಕೊಡಲು ಹೋದರು. ಮೇಟ್ರನ್ ಅವರನ್ನು ಕೂರಿಸಿ ಚಹಾ ಕುಡಿಸಿದರಂತೆ, ಕೋಣೆಗೆ ಹಿಂತಿರುಗಲು ಬಿಡಲಿಲ್ಲ. ನಾನು ಕುರ್ಚಿಯಲ್ಲಿ ಕೈಕಟ್ಟಿ ಕುಳಿತೆ. ಥಳ್‌ಕರ್ ಅವರ ತಲೆ ದಿಂಬಿನಿಂದ ಸ್ವಲ್ಪ ಜಾರಿತ್ತು. ಅದನ್ನು ನೇರ ಮಾಡಲು ನನ್ನ ಕೈ ಎಷ್ಟು ಸಲ ಎದ್ದಿತೋ ದೇವರಿಗೇ ಗೊತ್ತು. ಬೆರಳಿಗೆ ಬೆರಳು ಹೆಣೆದು ಮಡಿಲಲ್ಲಿ ಒತ್ತಿಕೊಂಡೆ. ಲೀಲಾ ವೈನಿ ಗಂಡನ ಕಿವಿಯ ಬಳಿ ಬಾಗಿ, ಮುಟ್ಟದೆ, ಶೆಮಾ ಎಂಬ ಅವರ ಪ್ರಾರ್ಥನೆಯನ್ನು ಮತ್ತೆ ಮತ್ತೆ ಹೇಳಿದರು. ದೇವರು ಒಬ್ಬನೇ ಎಂದು ಅದರ ಅರ್ಥ ಎಂದು ರಾಹೇಲ್ ಹಿಂದೆ ನನಗೆ ಹೇಳಿದ್ದಳು. ಬಿಸಿಲು ಕಿಟಕಿಯ ತನಕ ಬಂದಿತ್ತು, ಮುಂದಿನ ಉಸಿರು ಬರಲಿಲ್ಲ. ಬಾಗಿಲ ಕಡೆ ತಿರುಗಿದ್ದ ಕಣ್ಣನ್ನು ಆಮೇಲೆ ವೈನಿಯೇ ಮುಚ್ಚಿದರು. ತನ್ನನ್ನು ಹೂಳುತ್ತಾರೋ ಸುಡುತ್ತಾರೋ ತಿಳಿಯದೆಯೇ ಥಳ್‌ಕರ್ ಹೋದರು. ನಾನು ಬಹಳ ಸಾವು ನೋಡಿದ್ದೇನೆ, ಇಷ್ಟು ವರ್ಷವಾದರೂ ಇದನ್ನು ಮಾತ್ರ ಕ್ಷಮಿಸಿಲ್ಲ.

ಗಂಡಸನ್ನು ಅವರಲ್ಲಿ ಗಂಡಸರೇ ತೊಳೆಯಬೇಕು. ಅವರ ಪೈಕಿ ಅಲ್ಲಿ ಯಾರಿದ್ದರು? ಇಷ್ಟು ದಿನ ನೀವೇ ತೊಳೆದವರು, ಈಗಲೂ ನೀವೇ ತೊಳೆಯಿರಿ ಎಂದರು ವೈನಿ. ಪರದೆಯಾಚೆ ನಿಂತು ಅವರು ಹೇಳಿದ ಹಾಗೆ ತಲೆಯಿಂದ ಕಾಲಿನವರೆಗೆ ನೀರೆರೆದೆ, ಮುಖ ಅಡಿ ಮಾಡಲಿಲ್ಲ, ಮುಚ್ಚಿದ್ದನ್ನು ಬೇಕಾದಷ್ಟೇ ಸರಿಸಿದೆ. ಮಾರ್ಗರೆಟ್ ಬಿಳಿ ಹತ್ತಿಬಟ್ಟೆ ಹುಡುಕಿ ತಂದರು. ಹೂಳುವವರೆಗೆ ದೇಹವನ್ನು ಒಂಟಿಯಾಗಿ ಬಿಡಬಾರದು ಎಂದು ತಿಳಿದು, ಶವಾಗಾರದ ಹೊರಗೆ ಕುರ್ಚಿ ಹಾಕಿಸಿಕೊಂಡು ಹೆಣಿಗೆ ಹಿಡಿದು ಕುಳಿತೇಬಿಟ್ಟರು. ಮರುದಿನ ಕಂಪನಿಯ ವ್ಯಾನು ಬರುವವರೆಗೂ ಅವರೂ ನಾನೂ ಸರದಿಯಲ್ಲಿ ಕುಳಿತೆವು.

ವೈನಿ ಆಫೀಸಿಗೆ ಫೋನು ಮಾಡಿದ್ದರು. ಎತ್ತಿದ್ದು ಶೆಟ್ಟರೇ. ಗೊತ್ತಾಯಿತು ಎಂದಷ್ಟೇ ಹೇಳಿ ಇಟ್ಟರಂತೆ. ಆದ್ದರಿಂದ ವ್ಯಾನು ಬಂದು ನಿಂತ ಕೂಡಲೇ ನಾನು ಓಡಿಹೋದೆ. ಎಲ್ಲಿಗೆ ಎಂದು ಡ್ರೈವರನ್ನು ಕೇಳಿದೆ. ಕ್ರಿಶ್ಚಿಯನ್ ಕಬರ್‌ಸ್ತಾನಕ್ಕೆ, ಶೆಟ್ಟಿ ಸಾಬ್ ಹೇಳಿದ್ದಾರೆ ಎಂದ. ಲೀಲಾ ವೈನಿ ವ್ಯಾನಿನ ಬಾಗಿಲನ್ನು ತಾವೇ ತೆರೆದು ಹತ್ತಿದರು.

ಸ್ಮಶಾನದಲ್ಲಿ ಪಾದ್ರಿಯವರು ದೂರ ನಿಂತು ತಲೆ ತಗ್ಗಿಸಿದ್ದರು. ಅವರ ಪ್ರಾರ್ಥನೆಗೆ ಹತ್ತು ಜನ ಯಹೂದಿ ಗಂಡಸರು ಬೇಕಂತೆ, ಒಬ್ಬರೂ ಇರಲಿಲ್ಲ. ವೈನಿ ತಮಗೆ ಬಂದದ್ದನ್ನು ಹೇಳಿ, ಮಣ್ಣು ಹಾಕಿದರು. ನಾವೂ ಹಾಕಿದೆವು. ಹೊರಡುವಾಗ ಪಾದ್ರಿಯವರು ಮಾರ್ಗರೆಟ್‌ಗೆ ಒಂದು ವಿಷಯ ಹೇಳಿದರು. ಕಂಪನಿಯ ಶೆಟ್ಟಿ ಎಂಬವರು ಬಹಳ ದಿನಗಳ ಹಿಂದೆಯೇ ಬಂದು ಒಪ್ಪಿಗೆ ಕೊಟ್ಟು ಜಾಗ ನೋಡಿಕೊಂಡು ಹೋಗಿದ್ದರು, ನಿಮಗೂ ಹೇಳಿರುತ್ತಾರೆ ಎಂದುಕೊಂಡೆ ಎಂದು. ಯಾವ ದಿನ ಎಂದು ವಿಚಾರಿಸಿದರೆ, ಥಳ್‌ಕರ್ ಎಲ್ಲ ಹೇಳಿದ ದಿನದ ಮರುದಿನ. ಗೇಟಿನ ಹೊರಗೆ ಶೆಟ್ಟರ ಕಾರು ನಿಂತಿತ್ತು. ಅವರು ಒಳಗೆ ಬರಲಿಲ್ಲ.

ನನಗೆ ಬಂದ ಸಿಟ್ಟು ಹೇಳತೀರದು. ಮರುದಿನವೇ ಎಲ್ಲ ಮಾಡಿ ಮುಗಿಸಿದವರು ಒಂದು ಗಳಿಗೆ ಆ ಕೋಣೆಗೆ ಬಂದು, ಆಯಿತು ಎಂದು ಹೇಳಿಹೋಗಿದ್ದರೆ ಆ ಜೀವ ಬಾಗಿಲು ನೋಡುತ್ತಾ ಹೋಗಬೇಕಾಗಿತ್ತೇ? ಸಿಕ್ಕಿದರೆ ಮುಖಕ್ಕೆ ಹೇಳಿಬಿಡುತ್ತೇನೆ ಎಂದು ಹಲ್ಲು ಕಚ್ಚಿಕೊಂಡೆ.

ಹಮ್ರಿಯಾದ ಫ್ಲ್ಯಾಟಿಗೆ ವೈನಿಯ ಜೊತೆ ನಾನು ಹೋದೆ. ಅವರು ಕನ್ನಡಿಗೆ ಬಟ್ಟೆ ಮುಚ್ಚಿ ನೆಲದಲ್ಲಿ ಕುಳಿತರು. ಏಳು ದಿನ ಹಾಗೆ ಕೂರಬೇಕು. ಮಣ್ಣು ಮಾಡಿ ಬಂದ ಮೇಲಿನ ಮೊದಲ ಊಟ ತನ್ನ ಮನೆಯದ್ದಾಗಿರಬಾರದು, ಬೇರೆ ಮನೆಯಿಂದ ಬರಬೇಕು ಎಂದರು. ಅದೇನು, ನಮ್ಮಲ್ಲೂ ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ನನಗೆ ಹಾಸ್ಟೆಲಿನಲ್ಲಿ ಒಲೆಯೇ ಇಲ್ಲ. ಕೆಳಗಿನ ಹೋಟೆಲಿನಿಂದ ಏನಾದರೂ ತರುತ್ತೇನೆ ಎಂದು ಚಪ್ಪಲಿ ಮೆಟ್ಟಿದೆ. ಬಾಗಿಲು ತೆರೆದರೆ ಸುಮತಿಯಕ್ಕ ಮೆಟ್ಟಿಲ ಮೇಲೆ ನಿಂತಿದ್ದರು, ಕೈಯಲ್ಲಿ ಬುತ್ತಿ. ಎಷ್ಟು ಹೊತ್ತಿನಿಂದ ನಿಂತಿದ್ದರೋ.

ಒಳಗೆ ಬಂದು ಅವರೂ ನೆಲದಲ್ಲಿ ಕುಳಿತರು. ಬುತ್ತಿ ಬಿಚ್ಚಿದರು. ಅನ್ನ, ಬೇಯಿಸಿದ ಮೊಟ್ಟೆ, ಕೆಳಗಿನ ಡಬ್ಬಿಯಲ್ಲಿ ಶೇರಿ ಮೀನಿನ ಗಸಿ. ತುಂಡುಗಳ ಮೈಮೇಲೆ ಹುರುಪೆ ಹಾಗೆಯೇ ಇತ್ತು, ಗಸಿಯೊಳಗೂ ಬಿಚ್ಚಿ ತೇಲುತ್ತಿತ್ತು. ಹುಟ್ಟಿದಂದಿನಿಂದ ಮೀನು ಕೊಯ್ದ ಕೈ ಅದು. ನಮ್ಮೂರಿನಲ್ಲಿ ಹಾಗೆ ಬಡಿಸಿದರೆ ಮಾನ ಹೋಗುತ್ತದೆ.

"ಹುರುಪೆ ತೆಗೀಲಿಲ್ಲ ಲೀಲಕ್ಕ," ಎಂದರು. "ನೀವು ನೋಡಿ ತಿನ್ಬೇಕಲ್ಲ."

ಲೀಲಾ ವೈನಿ ಆ ಡಬ್ಬಿಯನ್ನೇ ನೋಡುತ್ತಾ ಕುಳಿತರು. ನಿನ್ನೆಯಿಂದ ಒಂದು ಹನಿ ಕಣ್ಣೀರು ಹಾಕದವರು ಗೋಳೋ ಎಂದು ಅತ್ತರು. ಆಮೇಲೆ ಕೈ ತೊಳೆದು ಬಂದು ಉಂಡರು. ಹುರುಪೆಯನ್ನು ಬೆರಳಲ್ಲಿ ಬಿಡಿಸಿ ಬಿಡಿಸಿ ತಟ್ಟೆಯ ಅಂಚಿನಲ್ಲಿ ಇಟ್ಟರು. ಶೆಟ್ಟರು ಬರಲಿಲ್ಲವಾ ಎಂದು ಕೇಳಿದರು. ಕೆಳಗೆ ಕಾರಿನಲ್ಲಿದ್ದಾರೆ, ಮುಖ ತೋರಿಸಲಿಕ್ಕೆ ಆಗುವುದಿಲ್ಲವಂತೆ, ಆ ಗಿಂಡಿಯನ್ನು ಎತ್ತಿಕೊಂಡು ಬಂದದ್ದಕ್ಕೆ ನಾಚಿಕೆಯಿಂದ ಸಾಯುತ್ತಿದ್ದಾರೆ ಎಂದರು ಸುಮತಿಯಕ್ಕ. ವೈನಿ, ಮೀನು ಚೆನ್ನಾಗಿತ್ತು ಎಂದು ಅವರಿಗೆ ಹೇಳಿ ಎಂದರು. ನಂತರ ನನ್ನ ಕಡೆ ನೋಡಿ ಮರಾಠಿಯಲ್ಲಿ, ಬೇರೇನೂ ಹೇಳುವುದು ಬೇಡ ಎಂದರು.

ನಾನು ಇಳಿದು ಬಂದೆ. ಕಾರು ಗೋಡೆಯ ನೆರಳಿನಲ್ಲಿತ್ತು. ಹಲ್ಲು ಕಚ್ಚಿ ಇಟ್ಟುಕೊಂಡಿದ್ದ ಮಾತೆಲ್ಲ ಬಾಯಿಯವರೆಗೆ ಬಂದಿತ್ತು. ಶೆಟ್ಟರು ಗಾಜು ಇಳಿಸಿದರು. ಗಡ್ಡ ಬೋಳಿಸಿರಲಿಲ್ಲ, ಆ ಗದ್ದಲದ ಮನುಷ್ಯನ ಸದ್ದೇ ಅಡಗಿತ್ತು.

"ಕೊನೆಗೆ ನನ್ನನ್ನು ಏನಾದ್ರೂ ಕೇಳಿದ್ರಾ ಸಿಸ್ಟರ್?" ಎಂದರು.

"ಕೇಳಿದರು," ಎಂದೆ.

ಎಷ್ಟು ಸಲ ಎಂದು ಅವರು ಕೇಳಲಿಲ್ಲ. ನಾನು ಹೇಳಲಿಲ್ಲ.